ಗ್ರೀನ್‌ಲ್ಯಾಂಡಿನ ನಾರ್ಸ್ ವಸಾಹತುಗಳ ನಕಾಶೆ ನೀವೇ ಮಾಡಿಕೊಳ್ಳುವ ಬಗೆ

ಗ್ರೀನ್‌ಲ್ಯಾಂಡಿನಲ್ಲಿ ನಾರ್ಸ್ ಜನ (ಮಧ್ಯಯುಗದಲ್ಲಿ ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬಂದವರು) ಕಟ್ಟಿಕೊಂಡ ‘ಪೂರ್ವ ವಸಾಹತು’ ಇದ್ದದ್ದು ಪಶ್ಚಿಮ ಕರಾವಳಿಯ ಕಡೆ. ‘ಪಶ್ಚಿಮ ವಸಾಹತು’ ಇದ್ದದ್ದೂ ಅದೇ ಕಡೆ, ಇನ್ನೂ ಉತ್ತರಕ್ಕೆ. ನಕಾಶೆ ಬರೆಯಲು ಕೂರುವ ಮೊದಲು ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಹೆಸರು ನಂಬಿ ಪೂರ್ವ ಕರಾವಳಿಯಲ್ಲಿ ಚುಕ್ಕಿ ಇಟ್ಟವರು ಇಂದಿನ ವಿದ್ಯಾರ್ಥಿಗಳು ಮಾತ್ರವಲ್ಲ. 1721ರಲ್ಲಿ ಗ್ರೀನ್‌ಲ್ಯಾಂಡಿಗೆ ಬಂದ ಪಾದ್ರಿ ಹಾನ್ಸ್ ಎಗೆಡೆ, ಎರಡು ವರ್ಷದ ಬಳಿಕ ದಕ್ಷಿಣಕ್ಕೆ ಹೋಗಿ ಪೂರ್ವ ವಸಾಹತಿನದೇ ಆದ ಹ್ವಾಲ್ಸೆ ಚರ್ಚಿನ ಪಾಳುಗೋಡೆಗಳ ಮುಂದೆಯೇ ನಿಂತಿದ್ದರು. ಆದರೂ ಪೂರ್ವ ವಸಾಹತು ಆಚೆ ಬದಿಯ ಕರಾವಳಿಯಲ್ಲಿದೆ ಎಂಬ ನಂಬಿಕೆ ಬಿಡಲಿಲ್ಲ. 1828–31ರಲ್ಲಿ ಡೇನಿಷ್ ನೌಕಾಧಿಕಾರಿ ಗ್ರಾಹ್ ಆ ಕಡೆಯನ್ನು ಚರ್ಮದ ದೋಣಿಯಲ್ಲಿ ಹುಡುಕಿ ಬರಿಗೈಲಿ ಮರಳಿದರು. 1883–85ರಲ್ಲಿ ಗುಸ್ತಾವ್ ಹೋಲ್ಮ್ ಮತ್ತೆ ಹೋಗಿ ಬಂದ ಮೇಲಷ್ಟೇ ವಾದ ತಣ್ಣಗಾಯಿತು.

ಹೆಸರಿನಲ್ಲಿ ತಪ್ಪೇನೂ ಇಲ್ಲ. ದಕ್ಷಿಣ ತುದಿಯ ಕೇಪ್ ಫೇರ್‌ವೆಲ್‌ನಿಂದ ಕರಾವಳಿ ನೆಟ್ಟಗೆ ಉತ್ತರಕ್ಕೆ ಹೋಗುವುದಿಲ್ಲ, ವಾಯವ್ಯಕ್ಕೆ ವಾಲಿಕೊಂಡು ಹೋಗುತ್ತದೆ. ದಂಡೆ ಹಿಡಿದು ಮೇಲೆ ಹೋದಷ್ಟೂ ಪಶ್ಚಿಮಕ್ಕೂ ಸರಿಯುತ್ತೀರಿ. ಒಂದು ವಸಾಹತು 45–46° ಪಶ್ಚಿಮ ರೇಖಾಂಶದ ಸುತ್ತ, ಇನ್ನೊಂದು 50–51°ರ ಸುತ್ತ. ದೋಣಿಯಲ್ಲಿ ಓಡಾಡುವವನಿಗೆ ಮೊದಲನೆಯದು ಪೂರ್ವವೇ.

ಬೇಕಾದ ಸಾಮಾನು

ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ (ಉಚಿತ), ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕರಾವಳಿ ರೇಖೆ, ಆರ್ಕ್ಟಿಕ್‌ಡೆಮ್ ಎಂಬ 2 ಮೀಟರ್ ಸ್ಪಷ್ಟತೆಯ ಎತ್ತರದ ದತ್ತಾಂಶ, ಸೆಂಟಿನೆಲ್-2 ಉಪಗ್ರಹದ ಚಿತ್ರ. ಎಲ್ಲವೂ ದುಡ್ಡಿಲ್ಲದೆ ಸಿಗುತ್ತವೆ. ನ್ಯಾಚುರಲ್ ಅರ್ತ್‌ನ 1:11 ಕೋಟಿ ಪ್ರಮಾಣದ ಕರಾವಳಿ ರೇಖೆ ಬೇಡ. ಅದರಲ್ಲಿ ಫಿಯೋರ್ಡ್‌ಗಳೇ (ನೆಲದೊಳಕ್ಕೆ ಉದ್ದಕ್ಕೆ ಚಾಚಿದ ಕಿರಿದಾದ ಸಮುದ್ರದ ತೋಳುಗಳು) ಇಲ್ಲ, ಫಿಯೋರ್ಡ್ ಇಲ್ಲದ ನಕಾಶೆಯಲ್ಲಿ ನಾರ್ಸ್ ಹೊಲಮನೆಗಳು ಮಂಜುಗಡ್ಡೆಯ ಪಕ್ಕದ ಬಂಡೆ ಮೇಲೆ ಅನಾಥವಾಗಿ ಕೂತಂತೆ ಕಾಣುತ್ತವೆ.

ಬಿಂದುಗಳನ್ನು ಹಾಕುವುದು

ಒಂದು ಸಾದಾ ಸಿಎಸ್‌ವಿ ಕಡತ (ಅಲ್ಪವಿರಾಮದಿಂದ ಬೇರ್ಪಟ್ಟ ಅಂಕಣಗಳ ಪಠ್ಯ) ಮಾಡಿ: ಹೆಸರು, ಅಕ್ಷಾಂಶ, ರೇಖಾಂಶ. ಶುರುವಿಗೆ ಇಷ್ಟು ಸಾಕು:

ಬ್ರಟ್ಟಾಹ್ಲಿದ್ (ಇಂದಿನ ಕಸ್ಸಿಯಾರ್ಸುಕ್), 61.15, -45.52
ಗಾರ್ದಾರ್ (ಇಗಾಲಿಕು), 60.99, -45.42
ಹ್ವಾಲ್ಸೆ, 60.83, -45.78
ಹೆರ್ಯೋಲ್ಫ್ಸ್‌ನೆಸ್ (ಇಕಿಗಾಟ್), 60.0, -44.7
ಸಾಂಡ್‌ನೆಸ್ (ಕಿಲಾರ್ಸಾರ್ಫಿಕ್), 64.24, -50.18
ಕಾಕೋರ್ತೋಕ್ ಪಟ್ಟಣ, 60.72, -46.04
ನೂಕ್ ನಗರ, 64.18, -51.72
ಕಿಂಗಿಟ್ಟೋರ್ಸುವಾಕ್, 72.97, -56.23

ಇವೆಲ್ಲ ದಶಮಾಂಶ ಡಿಗ್ರಿಗಳು. ಹಳೆಯ ಪುಸ್ತಕಗಳಲ್ಲಿ 61°09′ ಎಂದಿದ್ದರೆ ಅದು 61.09 ಅಲ್ಲ, 9ನ್ನು 60ರಿಂದ ಭಾಗಿಸಿ 61.15. ಇಲ್ಲಿ ಎಡವಿದರೆ ಬ್ರಟ್ಟಾಹ್ಲಿದ್ 6–7 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಎರಡು ದಶಮಾಂಶ ಸ್ಥಾನಗಳ ನಿಖರತೆ ಎಂದರೆ ಸುಮಾರು ಒಂದು ಕಿಲೋಮೀಟರ್. ಹಾಗಾಗಿ ಈ ಬಿಂದುಗಳು ನಿಮ್ಮನ್ನು ಊರಿನ ಹತ್ತಿರಕ್ಕೆ ಒಯ್ಯುತ್ತವೆ, ಅಂಗಳಕ್ಕಲ್ಲ. ಹೆರ್ಯೋಲ್ಫ್ಸ್‌ನೆಸ್ ಅಂತೂ ಒಂದೇ ದಶಮಾಂಶದಲ್ಲಿದೆ. ಆಮೇಲೆ ಉಪಗ್ರಹ ಚಿತ್ರ ನೋಡಿ ಸರಿಸಿಕೊಳ್ಳಬೇಕು.

ಕಡತವನ್ನು ‘ಡಿಲಿಮಿಟೆಡ್ ಟೆಕ್ಸ್ಟ್’ ಪದರವಾಗಿ ಸೇರಿಸುವಾಗ ಎಕ್ಸ್ ಜಾಗಕ್ಕೆ ರೇಖಾಂಶ, ವೈ ಜಾಗಕ್ಕೆ ಅಕ್ಷಾಂಶ. ನಿರ್ದೇಶಾಂಕ ಪದ್ಧತಿ ಇಪಿಎಸ್‌ಜಿ 4326 (ಡಿಗ್ರಿಗಳಲ್ಲಿರುವ ಸಾಮಾನ್ಯ ಅಕ್ಷಾಂಶ-ರೇಖಾಂಶ ಪದ್ಧತಿಯ ಸಂಕೇತಸಂಖ್ಯೆ). ಎರಡನ್ನೂ ಅದಲು ಬದಲು ಮಾಡಿದರೆ ಗ್ರೀನ್‌ಲ್ಯಾಂಡಿನ ಬಿಂದುಗಳು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಕ್ರೋಜೆ ಮತ್ತು ಕೆರ್ಗುಲೆನ್ ದ್ವೀಪಗಳ ನಡುವಿನ ನೀರಿನಲ್ಲಿ ಏಳುತ್ತವೆ. ರೇಖಾಂಶದ ಹಿಂದಿನ ಋಣಚಿಹ್ನೆ ಮರೆತರೆ ಉತ್ತರ ರಷ್ಯಾದ ಕಾಡಿಗೆ ಹೋಗುತ್ತವೆ. ಬಿಂದುಗಳು ಎಲ್ಲಿ ಬಿದ್ದಿವೆ ಎಂಬುದರಿಂದಲೇ ಯಾವ ತಪ್ಪು ಎಂದು ಹೇಳಬಹುದು.

ಮೂರನೆಯ ತಪ್ಪು ಹೆಚ್ಚು ತಲೆ ತಿನ್ನುತ್ತದೆ. ಧ್ರುವದ ಪ್ರಕ್ಷೇಪ (ದುಂಡು ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವ ಬಗೆ) ಬೇಕೆಂದು ಪದರದ ಮೇಲೆ ಬಲಕ್ಲಿಕ್ ಮಾಡಿ ‘ಸೆಟ್ ಲೇಯರ್ ಸಿಆರ್‌ಎಸ್’ ಒತ್ತುವುದು. ಅದು ಬಿಂದುಗಳನ್ನು ಪರಿವರ್ತಿಸುವುದಿಲ್ಲ, ಡಿಗ್ರಿಗಳನ್ನೇ ಮೀಟರುಗಳೆಂದು ಓದಿಸುತ್ತದೆ. ಆಗ ಎಲ್ಲ ಊರುಗಳೂ ಉತ್ತರ ಧ್ರುವದಿಂದ ನೂರು ಮೀಟರ್ ಒಳಗೆ ಗುಂಪು ಸೇರುತ್ತವೆ. ಪದರವನ್ನು 4326ರಲ್ಲೇ ಬಿಡಿ. ಬದಲಾಯಿಸಬೇಕಾದದ್ದು ಕಿಟಕಿಯ ಕೆಳಗೆ ಬಲಮೂಲೆಯಲ್ಲಿರುವ ಇಡೀ ಪ್ರಾಜೆಕ್ಟಿನ ಪದ್ಧತಿ.

ಪ್ರಕ್ಷೇಪ ಯಾವುದು

ಗೂಗಲ್ ಮ್ಯಾಪ್ಸ್ ಮಾದರಿಯ ಮರ್ಕೇಟರ್ ಪ್ರಕ್ಷೇಪ ಇಲ್ಲಿ ಕೈಕೊಡುತ್ತದೆ. ಅದರಲ್ಲಿ 61° ಅಕ್ಷಾಂಶದ ಬಳಿ ದೂರಗಳು 2 ಪಟ್ಟಿಗಿಂತ ತುಸು ಹೆಚ್ಚೇ ಹಿಗ್ಗಿರುತ್ತವೆ, ಕಿಂಗಿಟ್ಟೋರ್ಸುವಾಕ್ ಹತ್ತಿರ 3.4 ಪಟ್ಟು. ಒಂದೇ ನಕಾಶೆಯಲ್ಲಿ ದಕ್ಷಿಣದ ಹೊಲಮನೆಗಳನ್ನೂ ಉತ್ತರದ ಬೇಟೆಯ ನೆಲವನ್ನೂ ತೋರಿಸಿದರೆ ಎರಡಕ್ಕೂ ಬೇರೆ ಬೇರೆ ಅಳತೆಪಟ್ಟಿ ಬೇಕಾಗುತ್ತದೆ. ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿ.ಮೀ., ಭಾರತದ ಮೂರನೇ ಎರಡು ಭಾಗ. ಮರ್ಕೇಟರ್ ನೋಡಿದವರು ಇದನ್ನು ನಂಬುವುದು ಕಷ್ಟ.

ಇಡೀ ದ್ವೀಪಕ್ಕೆ ಇಪಿಎಸ್‌ಜಿ 3413 ಎಂಬ ಧ್ರುವದ ಪ್ರಕ್ಷೇಪ ಇಟ್ಟುಕೊಳ್ಳಿ. ಅದರ ನಡುರೇಖೆ 45° ಪಶ್ಚಿಮ, ಅಂದರೆ ಬ್ರಟ್ಟಾಹ್ಲಿದ್‌ನ ಹತ್ತಿರದಲ್ಲೇ ಹಾಯುತ್ತದೆ. ಆದ್ದರಿಂದ ದಕ್ಷಿಣ ಗ್ರೀನ್‌ಲ್ಯಾಂಡಿನಲ್ಲಿ ಉತ್ತರ ದಿಕ್ಕು ನೆಟ್ಟಗೆ ಮೇಲಕ್ಕೇ ಇರುತ್ತದೆ. ಅಳತೆ 70°ಯಲ್ಲಿ ಕರಾರುವಾಕ್ಕು, 61°ಯಲ್ಲಿ ಶೇಕಡಾ 3.5ರಷ್ಟು ಹಿಗ್ಗು. ಈ ಕೆಲಸಕ್ಕೆ ಅಷ್ಟು ನಡೆಯುತ್ತದೆ.

ಹೊಲಮನೆಗಳ ಮಟ್ಟಕ್ಕೆ ಇಳಿದಾಗ ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) ಬಳಸಿ: ಪೂರ್ವ ವಸಾಹತಿಗೆ 23ನೇ ವಲಯ (32623), ನೂಕ್ ಕಡೆಗೆ 22ನೇ ವಲಯ (32622). ಕರ್ನಾಟಕದ ನಕಾಶೆ ಮಾಡಿ ರೂಢಿಯಿರುವವರ ಪ್ರಾಜೆಕ್ಟಿನಲ್ಲಿ 43ನೇ ವಲಯ ಹಾಗೇ ಉಳಿದುಬಿಟ್ಟಿರುತ್ತದೆ. ಅದರಲ್ಲಿ ತೆರೆದರೆ ಗ್ರೀನ್‌ಲ್ಯಾಂಡ್ ಗುರುತೇ ಸಿಗದ ಹಾಗೆ ಸೊಟ್ಟಗಾಗುತ್ತದೆ.

ದೂರ ಅಳೆಯುವಾಗಲೂ ನಮ್ಮ ಕಡೆಯ ಅಂದಾಜು ನಡೆಯುವುದಿಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ., ಒಂದು ಡಿಗ್ರಿ ಅಕ್ಷಾಂಶ 111. ಹೆಚ್ಚುಕಮ್ಮಿ ಚೌಕ. 61°ಯಲ್ಲಿ ಒಂದು ಡಿಗ್ರಿ ರೇಖಾಂಶ 54 ಕಿ.ಮೀ., 64°ಯಲ್ಲಿ 49, ಸುಮಾರು 73°ಯಲ್ಲಿ 33ಕ್ಕೂ ಕಡಿಮೆ. ಕಾಕೋರ್ತೋಕ್‌ನಿಂದ ನೂಕ್‌ಗೆ ನೇರ ದೂರ ಸುಮಾರು 480 ಕಿ.ಮೀ. ಎರಡೂ ಕಡೆ 111 ಹಾಕಿ ಲೆಕ್ಕ ಮಾಡಿದರೆ 740 ಬರುತ್ತದೆ. ಕ್ಯೂಜಿಐಎಸ್‌ನಲ್ಲಿ ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ‘ಜನರಲ್’ ಪುಟದಲ್ಲಿ ಎಲಿಪ್ಸಾಯ್ಡ್ (ಭೂಮಿಯ ಆಕಾರದ ಮಾದರಿ) ಅನ್ನು ಡಬ್ಲ್ಯುಜಿಎಸ್ 84 ಎಂದಿಟ್ಟರೆ ಅಳತೆಯ ಉಪಕರಣ ತಾನೇ ಸರಿಯಾದ ದೂರ ಕೊಡುತ್ತದೆ.

ಫಿಯೋರ್ಡಿನ ಒಳತುದಿ

ಈಗ ಮುಖ್ಯ ಕೆಲಸ. ಕರಾವಳಿ ರೇಖೆ, ಬಿಂದುಗಳು ಎರಡನ್ನೂ ತೆರೆದು ತೆರೆದ ಸಮುದ್ರದಿಂದ ಪ್ರತಿ ಬಿಂದುವಿಗೆ ಎಷ್ಟು ದೂರ ಎಂದು ಅಳೆದು ನೋಡಿ. ನೂಕ್ ನಗರ ಫಿಯೋರ್ಡಿನ ಬಾಯಲ್ಲಿದೆ. ಸಾಂಡ್‌ನೆಸ್ ಅಲ್ಲಿಂದ ಸುಮಾರು 75 ಕಿ.ಮೀ. ಪೂರ್ವಕ್ಕೆ, ಒಳನಾಡಿನ ತುದಿಯಲ್ಲಿ. ಬ್ರಟ್ಟಾಹ್ಲಿದ್, ಗಾರ್ದಾರ್ ಎರಡೂ ಉದ್ದನೆಯ ಫಿಯೋರ್ಡುಗಳ ತಲೆಯ ಕಡೆಗಿವೆ: ಮೊದಲನೆಯದು ತುನುಲ್ಲಿಯಾರ್ಫಿಕ್‌ನಲ್ಲಿ (ನಾರ್ಸ್ ಹೆಸರು ಎರಿಕ್ಸ್‌ಫಿಯೋರ್ಡ್), ಎರಡನೆಯದು ಇಗಾಲಿಕು ಫಿಯೋರ್ಡಿನಲ್ಲಿ (ಐನಾರ್ಸ್‌ಫಿಯೋರ್ಡ್). ನಾರ್ಸ್ ಜನರಿಗೆ ಬೇಕಾಗಿದ್ದದ್ದು ಹುಲ್ಲು. ದನ, ಕುರಿ, ಆಡುಗಳಿಗೆ ಚಳಿಗಾಲಕ್ಕೆಲ್ಲ ಸಾಕಾಗುವಷ್ಟು ಒಣಹುಲ್ಲನ್ನು ಕಿರು ಬೇಸಿಗೆಯಲ್ಲೇ ಕೂಡಿಡಬೇಕಿತ್ತು. ಹೊರ ಕರಾವಳಿಯಲ್ಲಿ ಬೇಸಿಗೆಯಲ್ಲೂ ಮಂಜು ಕವಿದಿರುತ್ತದೆ, ಪೂರ್ವ ಕರಾವಳಿಗುಂಟ ತೇಲಿ ಬಂದು ಕೇಪ್ ಫೇರ್‌ವೆಲ್ ಸುತ್ತಿಕೊಂಡು ಮೇಲೇರುವ ಸಮುದ್ರದ ಹಿಮಗಡ್ಡೆ ಗಾಳಿಯನ್ನೇ ತಣ್ಣಗಿಡುತ್ತದೆ. ಒಳಗೆ ಹೋದಷ್ಟೂ ಬಿಸಿಲು ಹೆಚ್ಚು, ಹುಲ್ಲೂ ಹೆಚ್ಚು.

ಆರ್ಕ್ಟಿಕ್‌ಡೆಮ್‌ನಿಂದ 200 ಮೀಟರ್ ಸಮೋನ್ನತಿ ರೇಖೆ ಎಳೆದು ಅದರ ಕೆಳಗಿನ ನೆಲಕ್ಕೆ ತೆಳು ಹಸಿರು ಹಚ್ಚಿ. ಹೆಚ್ಚಿನ ಹೊಲಮನೆಗಳು ಆ ಪಟ್ಟಿಯೊಳಗೇ ಬರುತ್ತವೆ. ಕಡಿದಾದ ಗೋಡೆಯಂಥ ದಂಡೆಯಿರುವ ಕಡೆ ಹಸಿರು ದಾರದಷ್ಟು ತೆಳ್ಳಗಾಗುತ್ತದೆ, ಅಲ್ಲಿ ಹೊಲಮನೆಗಳೂ ಇಲ್ಲ. ಇಳಿಜಾರಿನ ಪದರವನ್ನೂ ತೆಗೆದು 15 ಡಿಗ್ರಿಗಿಂತ ಕಡಿದಾದದ್ದನ್ನು ಅಳಿಸಿದರೆ ಚಿತ್ರ ಇನ್ನೂ ಚೊಕ್ಕವಾಗುತ್ತದೆ. 15 ಎಂಬುದು ಕೈಯಂದಾಜು, 12 ಅಥವಾ 18 ಇಟ್ಟೂ ನೋಡಿ.

ಇದಕ್ಕೆ ಎರಡು ಅಪವಾದ ಉಂಟು, ಎರಡನ್ನೂ ನಕಾಶೆಯಲ್ಲಿ ತೋರಿಸಲೇಬೇಕು. ಹೆರ್ಯೋಲ್ಫ್ಸ್‌ನೆಸ್ ಹೊರ ಕರಾವಳಿಯಲ್ಲೇ ಇದೆ, ಯಾಕೆಂದರೆ ಅದು ಮೊದಲಿಗೆ ಬಂದರು. ನಾರ್ವೆಯಿಂದ ಬರುವ ಹಡಗಿಗೆ ಸಿಗುವ ಮೊದಲ ನೆಲೆ. 1921ರಲ್ಲಿ ಪೌಲ್ ನೋರ್ಲುಂದ್ ಅಲ್ಲಿನ ಸ್ಮಶಾನ ಅಗೆದಾಗ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಮಧ್ಯಯುಗದ ಉಣ್ಣೆಯ ನಿಲುವಂಗಿಗಳು, ಟೊಪ್ಪಿಗೆಗಳು ಸಿಕ್ಕವು. ಅದೇ ಸ್ಮಶಾನದ ಒಂದು ಭಾಗವನ್ನು ಸಮುದ್ರ ಕೊರೆದುಕೊಂಡು ಹೋಗಿದೆ. ನಾರ್ಸ್ ಕಾಲದಿಂದ ಈಚೆಗೆ ಅಲ್ಲಿ ನೆಲ ಕೆಳಗಿಳಿದು ನೀರು ಮೇಲೇರಿದೆ, ಹಾಗಾಗಿ ಇಂದಿನ ದಡದ ಗೆರೆ ಅಂದಿನದಲ್ಲ. ದಂಡೆಯ ಮೇಲೇ ನಿಂತ ಪಾಳುಗಳನ್ನು ಕಂಡಾಗ ಇದನ್ನು ನೆನಪಿಟ್ಟುಕೊಳ್ಳಿ: ಅವುಗಳ ಮುಂದೆ ಒಂದಿಷ್ಟು ಹುಲ್ಲುಗಾವಲು ಇದ್ದಿರಬೇಕು.

ಎರಡನೆಯ ಅಪವಾದ ವಾತ್ನಾಹ್ವೆರ್ಫಿ. ಇಗಾಲಿಕು ಫಿಯೋರ್ಡಿಗೂ ಅದರ ದಕ್ಷಿಣದ ಅಲ್ಲುಯಿತ್ಸುಪ್ ಫಿಯೋರ್ಡಿಗೂ ನಡುವಿನ ಕೆರೆಗಳ ನಾಡು. ಉಪ್ಪುನೀರು ಮುಟ್ಟದ ಕಡೆಯೂ ಅಲ್ಲಿ ಹೊಲಮನೆಗಳು ದಟ್ಟವಾಗಿದ್ದವು. ಬರೀ ಫಿಯೋರ್ಡ್ ದಂಡೆಗೆ ಪಟ್ಟಿ ಎಳೆದರೆ ಈ ಇಡೀ ಭಾಗ ಬಿಟ್ಟುಹೋಗುತ್ತದೆ. ಸಿಹಿನೀರಿನ ಕೆರೆಗಳ ಪದರವನ್ನೂ ಸೇರಿಸಿಕೊಳ್ಳಿ.

ದಾರಿಗಳ ವಿಷಯಕ್ಕೆ ಒಂದು ಜಾಗ ಹತ್ತಿರದಿಂದ ನೋಡುವಂಥದ್ದು. ಬ್ರಟ್ಟಾಹ್ಲಿದ್‌ನಿಂದ ಗಾರ್ದಾರ್‌ಗೆ ನೇರ ದೂರ 19 ಕಿ.ಮೀ. ಎರಡೂ ಬೇರೆ ಬೇರೆ ಫಿಯೋರ್ಡುಗಳಲ್ಲಿರುವುದರಿಂದ ನೀರಿನಲ್ಲೇ ಹೋಗಬೇಕೆಂದರೆ ಹೊರಗಿನವರೆಗೂ ಹೋಗಿ ಸುತ್ತಿಕೊಂಡು ಬರಬೇಕು. ಆದರೆ ನಡುವೆ ಇತಿಲ್ಲೆಕ್ ಎಂಬಲ್ಲಿ ಎರಡೂ ಫಿಯೋರ್ಡುಗಳ ಮಧ್ಯದ ನೆಲ ಬರೀ 4 ಕಿ.ಮೀ.ಗೆ ಕಿರಿದಾಗುತ್ತದೆ. ದೋಣಿ ಇಳಿದು ನಡೆದರೆ ಸುಮಾರು ಒಂದು ತಾಸು. 1126ರಿಂದ ಬಿಷಪ್ಪರ ಪೀಠವಾದ ಗಾರ್ದಾರ್ ಯಾಕೆ ಅಲ್ಲೇ ಬಂತು ಎಂಬುದಕ್ಕೆ ಈ ಕಿರುದಾರಿ ಅರ್ಧ ಉತ್ತರ, ಅಗಲವಾದ ಸಮತಟ್ಟು ಹುಲ್ಲುನೆಲ ಇನ್ನರ್ಧ. ಆ ಹುಲ್ಲಿಗೆ ಬೆಟ್ಟದ ನೀರನ್ನು ಕಾಲುವೆ ತೋಡಿ ತರುತ್ತಿದ್ದರು. ಈ 4 ಕಿ.ಮೀ.ಯನ್ನು ನಕಾಶೆಯಲ್ಲಿ ತುಂಡುಗೆರೆಯಿಂದ ಗುರುತಿಸಿ.

ಉಪಗ್ರಹ ಚಿತ್ರದಲ್ಲಿ ಹುಡುಕುವುದು

ಕೋಪರ್ನಿಕಸ್ ಬ್ರೌಸರ್ ಎಂಬ ಉಪಗ್ರಹ ಚಿತ್ರಗಳ ಜಾಲತಾಣದಲ್ಲಿ ಸೆಂಟಿನೆಲ್-2 ಆರಿಸಿ ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನವರೆಗಿನ ದಿನಾಂಕ ಹಾಕಿ, ಮೋಡ ಶೇಕಡಾ 20ಕ್ಕಿಂತ ಕಡಿಮೆ. ಜೂನ್‌ನಲ್ಲಿ ಎತ್ತರದ ಕಡೆ ಹಿಮ ಉಳಿದಿರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಕಂದಿ ಸೂರ್ಯ ತಗ್ಗಿ ಬೆಟ್ಟದ ನೆರಳು ಫಿಯೋರ್ಡಿಗೆ ಬೀಳುತ್ತದೆ. 8, 4, 3ನೇ ಪಟ್ಟಿಗಳ (ಉಪಗ್ರಹ ಬೇರೆ ಬೇರೆಯಾಗಿ ಹಿಡಿಯುವ ಬೆಳಕಿನ ಭಾಗಗಳು) ಕೃತಕ ಬಣ್ಣದ ಜೋಡಣೆ ತೆಗೆದುಕೊಂಡರೆ ಜೀವಂತ ಹುಲ್ಲು ಕೆಂಪಾಗಿ ಹೊಳೆಯುತ್ತದೆ, ಬಂಡೆ ಬೂದು.

ಮೊದಲ ಗುರುತಿಗೆ ನಾರ್ಸಾರ್ಸುವಾಕ್‌ನ ರನ್‌ವೇ ಹುಡುಕಿ. 1941ರಲ್ಲಿ ಅಮೆರಿಕನ್ನರು ಹಾಕಿದ ಸೇನಾ ನೆಲೆಯದು, ನೇರ ಗೆರೆಯಂತೆ ಎದ್ದು ಕಾಣುತ್ತದೆ. ಅಲ್ಲಿಂದ ಫಿಯೋರ್ಡ್ ದಾಟಿ ಪಶ್ಚಿಮಕ್ಕೆ 5 ಕಿ.ಮೀ. ಹೋದರೆ ಬ್ರಟ್ಟಾಹ್ಲಿದ್. ನೀರಿನಲ್ಲಿ ಚೆಲ್ಲಿದಂತಿರುವ ಬಿಳಿ ಚುಕ್ಕಿಗಳು ಮೋಡವಲ್ಲ, ಪಕ್ಕದ ಕೂರೋಕ್ ಹಿಮನದಿಯಿಂದ ಒಡೆದು ಬಂದ ಗಡ್ಡೆಗಳು.

ಇಲ್ಲಿ ಎಚ್ಚರ. ಬ್ರಟ್ಟಾಹ್ಲಿದ್‌ನಲ್ಲಿ ಕಾಣುವ ಆಯತಾಕಾರದ ಕೆಂಪು ಹೊಲಗಳು ನಾರ್ಸ್ ವಸಾಹತು ಶುರು ಮಾಡಿದ ಎರಿಕ್ ದಿ ರೆಡ್ ಕಾಲದವಲ್ಲ. 1924ರಲ್ಲಿ ಒಟ್ಟೊ ಫ್ರೆಡೆರಿಕ್ಸನ್ ಅಲ್ಲಿ ಕುರಿಸಾಕಣೆ ಶುರು ಮಾಡಿದ ಮೇಲಿನ ಇಂದಿನ ಹುಲ್ಲುಹೊಲಗಳು. ಒಳ್ಳೆ ಹುಲ್ಲು ಬೆಳೆಯುವ ಜಾಗ ಒಂದೇ ಆದ್ದರಿಂದ ಹೊಸದು ಹಳೆಯದರ ಮೇಲೇ ಕೂತಿದೆ. ಅಂಚು ಚೂಪಾಗಿ ನೇರವಾಗಿದ್ದರೆ ಇಂದಿನದು. ಅಂಚಿಲ್ಲದೆ ಹರಡಿದ ಸಣ್ಣ ದಟ್ಟ ಕಲೆ, ಸುತ್ತಲೂ ಪೊದೆ ಇದ್ದರೆ ಹಳೆಯ ತಿಪ್ಪೆಗೊಬ್ಬರದ ನೆಲವಿರಬಹುದು. ಇರಬಹುದು ಅಷ್ಟೇ: ಚಿತ್ರ ನೋಡಿ ಹೊಸ ಪಾಳು ‘ಕಂಡುಹಿಡಿದೆ’ ಎಂದು ಚುಕ್ಕಿ ಇಡಬೇಡಿ. 10 ಮೀಟರಿಗೆ ಒಂದು ಪಿಕ್ಸೆಲ್ ಆದ್ದರಿಂದ, 16 ಮೀಟರ್ ಉದ್ದ 8 ಮೀಟರ್ ಅಗಲದ ಹ್ವಾಲ್ಸೆ ಚರ್ಚ್ ಕೂಡ ಎರಡು ಪಿಕ್ಸೆಲ್‌ನಷ್ಟೇ. ಚಾವಣಿ ಇಲ್ಲದಿದ್ದರೂ ಗೋಡೆಗಳು ನಿಂತಿರುವ ಆ ಚರ್ಚನ್ನು ಸ್ಪಷ್ಟವಾಗಿ ನೋಡಲು ಗೂಗಲ್ ಅರ್ತ್‌ಗೇ ಹೋಗಬೇಕು. 1408ರ ಸೆಪ್ಟೆಂಬರಿನಲ್ಲಿ ಅಲ್ಲಿ ನಡೆದ ಮದುವೆಯೇ ಗ್ರೀನ್‌ಲ್ಯಾಂಡಿನ ನಾರ್ಸ್ ಜನರ ಬಗ್ಗೆ ಉಳಿದಿರುವ ಕೊನೆಯ ಲಿಖಿತ ದಾಖಲೆ.

ಪುರಾತತ್ತ್ವದ ವರದಿಗಳಿಂದ ಇನ್ನಷ್ಟು ಬಿಂದು ಸೇರಿಸುವಾಗ ಅವರ ಅಂಕಿಪದ್ಧತಿ ಗೊತ್ತಿರಬೇಕು. ಪೂರ್ವ ವಸಾಹತಿನ ಪಾಳುಗಳಿಗೆ ಅಡ್ಡಗೀಟು ಎಳೆದ ಡೇನಿಷ್ ‘ಓ’ ಅಕ್ಷರ, ಪಶ್ಚಿಮಕ್ಕೆ ‘ವಿ’. ಬ್ರಟ್ಟಾಹ್ಲಿದ್ ಓ-29ಎ, ಗಾರ್ದಾರ್ ಓ-47, ಹ್ವಾಲ್ಸೆ ಓ-83, ಹೆರ್ಯೋಲ್ಫ್ಸ್‌ನೆಸ್ ಓ-111, ಸಾಂಡ್‌ನೆಸ್ ವಿ-51. ಸಿಎಸ್‌ವಿಯಲ್ಲಿ ಇದಕ್ಕೊಂದು ಪ್ರತ್ಯೇಕ ಅಂಕಣ ಇಡಿ. ಊರಿನ ಹೆಸರುಗಳ ಕಾಗುಣಿತ 1973ರ ಸುಧಾರಣೆಯಿಂದ ಬದಲಾಗಿದೆ, ಡೇನಿಷ್ ಹೆಸರುಗಳೂ ಹಳೆಯ ನಕಾಶೆಗಳಲ್ಲಿವೆ (ಕಾಕೋರ್ತೋಕ್ ಎಂದರೆ ಹಿಂದಿನ ಯೂಲಿಯಾನೆಹೋಬ್, ನೂಕ್ ಎಂದರೆ ಗೋತ್‌ಹೋಬ್). ಸಂಖ್ಯೆಯೊಂದೇ ಬದಲಾಗದ್ದು. ಪೂರ್ವ ವಸಾಹತಿನಲ್ಲಿ ಸುಮಾರು 500 ಪಾಳುಗುಂಪುಗಳಿವೆ, ಪಶ್ಚಿಮದಲ್ಲಿ ನೂರರ ಆಸುಪಾಸು. ಎಲ್ಲವೂ ಒಂದೇ ಕಾಲದಲ್ಲಿ ಒಲೆ ಉರಿಯುತ್ತಿದ್ದ ಮನೆಗಳಲ್ಲ, ಬೇಸಿಗೆಯ ದೊಡ್ಡಿಗಳೂ ಸೇರಿವೆ. ಚುಕ್ಕಿ ಎಣಿಸಿ ಜನಸಂಖ್ಯೆ ಹೇಳಲು ಹೋಗಬೇಡಿ.

ಡೇನಿಷ್ ಪದರ

ಎಗೆಡೆ ನಂತರದ ಡೇನಿಷ್ ವಸಾಹತುಗಳನ್ನು ಇನ್ನೊಂದು ಬಣ್ಣದಲ್ಲಿ ಹಾಕಿ: ಗೋತ್‌ಹೋಬ್ 1728, ಕ್ರಿಸ್ತಿಯಾನ್ಸ್‌ಹೋಬ್ 1734, ಯಾಕೋಬ್ಸ್‌ಹಾವ್ನ್ (ಇಲುಲಿಸ್ಸಾಟ್) 1741, ಫ್ರೆಡೆರಿಕ್ಸ್‌ಹೋಬ್ (ಪಾಮಿಯುತ್) 1742, ಯೂಲಿಯಾನೆಹೋಬ್ 1770ರ ದಶಕ. ಎಲ್ಲವೂ ಸಮುದ್ರದ ಕಡೆಗೇ ಕೂತಿವೆ. ಅವರಿಗೆ ಬೇಕಾದದ್ದು ಅಲ್ಲಿನ ಮೂಲನಿವಾಸಿ ಇನ್ಯುಇಟ್ ಬೇಟೆಗಾರರಿಂದ ಸಿಗುವ ಸೀಲ್ ಕೊಬ್ಬು, ತಿಮಿಂಗಿಲದೆಣ್ಣೆ, ಹಡಗು ನಿಲ್ಲುವ ಬಂದರು. ಹುಲ್ಲು ಯಾರಿಗೂ ಬೇಕಿರಲಿಲ್ಲ. ಒಂದೇ ಫಿಯೋರ್ಡಿನ ಒಳತುದಿಯಲ್ಲಿ ಒಂದು ಬಣ್ಣ, ಬಾಯಲ್ಲಿ ಇನ್ನೊಂದು ಬಣ್ಣ ಬರುತ್ತದೆ. ಈ ಎರಡನೆಯ ಪದರ ಹಾಕದೆ ಬರೀ ನಾರ್ಸ್ ಬಿಂದುಗಳನ್ನು ತೋರಿಸುವ ನಕಾಶೆಗಳು ಅರ್ಧ ಕಥೆಯನ್ನೇ ಹೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಉತ್ತರದ ಬೇಟೆ, ಸಮುದ್ರದಾರಿ

ನಾರ್ಸ್ ಜನರ ನೆಲ ಹೊಲಮನೆಗಳಲ್ಲಿ ಮುಗಿಯಲಿಲ್ಲ. ಡಿಸ್ಕೊ ಕೊಲ್ಲಿಯ ಸುತ್ತ, ಸುಮಾರು 69–70°ಯಲ್ಲಿ, ನೋರ್ದ್ರ್‌ಸೆಟುರ್ ಎಂಬ ಬೇಟೆಯ ನೆಲವಿತ್ತು. ಯೂರೋಪಿಗೆ ಕಳಿಸುವ ವಾಲ್ರಸ್ ದಂತ ಅಲ್ಲಿಂದ ಬರುತ್ತಿತ್ತು. ಇದನ್ನು ಚುಕ್ಕಿಯಾಗಿ ಹಾಕಬೇಡಿ, ಅಂಚು ಮಸುಕಾದ ಪಟ್ಟಿಯಾಗಿ ಹಾಕಿ, ಅಲ್ಲಿ ಕಾಯಂ ಮನೆಗಳಿರಲಿಲ್ಲ. 1824ರಲ್ಲಿ ರೂನ್ ಎಂಬ ಹಳೆಯ ನಾರ್ಸ್ ಲಿಪಿ ಕೆತ್ತಿದ ಪುಟ್ಟ ಕಲ್ಲು ಸಿಕ್ಕ ಕಿಂಗಿಟ್ಟೋರ್ಸುವಾಕ್ ಇನ್ನೂ ಮೇಲಿದೆ. ಅದಕ್ಕೆ ಊರಿನ ಚಿಹ್ನೆ ಕೊಟ್ಟರೆ ಓದುವವರಿಗೆ 73°ಯಲ್ಲಿ ಹಳ್ಳಿ ಇತ್ತೆಂಬ ಭ್ರಮೆ ಬರುತ್ತದೆ. ತ್ರಿಕೋನ ಸಾಕು.

ನಾರ್ವೆಯಿಂದ ಬರುವ ದಾರಿಗೆ ಐಸ್‌ಲ್ಯಾಂಡಿನಲ್ಲಿ ಜನ ನೆಲೆಸಿದ ಕಥೆ ಹೇಳುವ ಹಳೆಯ ಪುಸ್ತಕ ಲಾಂಡ್‌ನಾಮಾಬೋಕ್ ಕೊಡುವ ಲೆಕ್ಕ ಬಹಳ ಚೆನ್ನಾಗಿದೆ. ಬರ್ಗೆನ್ ಬಳಿಯ ಹೆರ್ನಾರ್‌ನಿಂದ ನೇರ ಪಶ್ಚಿಮಕ್ಕೆ ಹೊರಡಬೇಕು. ಶೆಟ್‌ಲ್ಯಾಂಡ್ ದ್ವೀಪಗಳ ಉತ್ತರಕ್ಕೆ, ಸ್ವಚ್ಛ ದಿನದಲ್ಲಿ ಅವು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಹೋಗಬೇಕು. ಫೆರೋ ದ್ವೀಪಗಳ ದಕ್ಷಿಣಕ್ಕೆ, ಬೆಟ್ಟಗಳ ಅರ್ಧದವರೆಗೆ ಸಮುದ್ರವೇ ಇದ್ದಂತೆ ಕಾಣುವಷ್ಟು ದೂರದಲ್ಲಿ. ಐಸ್‌ಲ್ಯಾಂಡಿನ ದಕ್ಷಿಣಕ್ಕೆ, ಅಲ್ಲಿನ ಹಕ್ಕಿಗಳೂ ತಿಮಿಂಗಿಲಗಳೂ ಕಾಣುವಷ್ಟು ದೂರದಲ್ಲಿ. ಅಂದರೆ ಸರಿಸುಮಾರು ಒಂದೇ ಅಕ್ಷಾಂಶ ಹಿಡಿದು ಬರುವುದು: ಹೊರಡುವ ಜಾಗ 60.5°ರ ಹತ್ತಿರ, ಮುಟ್ಟುವ ದಕ್ಷಿಣ ತುದಿ 59.8°.

3413 ಪ್ರಕ್ಷೇಪದಲ್ಲಿ ಈ ದಾರಿ ಬಿಲ್ಲಿನಂತೆ ಬಾಗುತ್ತದೆ. ಎರಡು ತುದಿ ಮಾತ್ರ ಕೊಟ್ಟು ಗೆರೆ ಎಳೆದರೆ ಕ್ಯೂಜಿಐಎಸ್ ನೇರ ಗೆರೆ ಹಾಕುತ್ತದೆ, ಅದು ಬಹಳ ಉತ್ತರಕ್ಕೆ ಸರಿದು ಫೆರೋ ದ್ವೀಪಗಳ ಮೇಲೇ ಹಾದುಹೋಗುತ್ತದೆ. ‘ಡೆನ್ಸಿಫೈ ಬೈ ಇಂಟರ್ವಲ್’ ಉಪಕರಣದಿಂದ, 4326ರಲ್ಲಿರುವಾಗಲೇ, ಪ್ರತಿ 1 ಡಿಗ್ರಿಗೆ ಒಂದು ಬಿಂದು ತುಂಬಿಸಿ.

ಮುದ್ರಣಕ್ಕೆ: ಪೂರ್ವ ವಸಾಹತು 1:5,00,000 ಪ್ರಮಾಣದಲ್ಲಿ ಲಂಬ ಎ3 ಹಾಳೆಗೆ ಹಿಡಿಯುತ್ತದೆ, ಪಶ್ಚಿಮ ವಸಾಹತು ಅದೇ ಪ್ರಮಾಣದಲ್ಲಿ ಎ4ಗೆ. ಎರಡಕ್ಕೂ ಪ್ರಮಾಣ ಒಂದೇ ಇರಲಿ, ಇಲ್ಲವಾದರೆ ಚಿಕ್ಕದು ದೊಡ್ಡದಾಗಿ ಕಾಣುತ್ತದೆ. ಪಶ್ಚಿಮ ಕರಾವಳಿಯನ್ನು ಕಿಂಗಿಟ್ಟೋರ್ಸುವಾಕ್‌ವರೆಗೆ ಒಂದೇ ಹಾಳೆಯಲ್ಲಿ ತೋರಿಸಲು ಎ3ಯಲ್ಲಿ 1:50,00,000. ಆ ಹಾಳೆಯಲ್ಲಿ ಅಳತೆಪಟ್ಟಿಯ ಪಕ್ಕ ಯಾವ ಅಕ್ಷಾಂಶಕ್ಕೆ ಅದು ಸರಿ ಎಂದು ಬರೆಯಿರಿ. ಹೆಸರುಗಳ ಜೊತೆ ಕಾಲವನ್ನೂ ಕೊಡಿ: ಪೂರ್ವ ವಸಾಹತಿಗೆ ಸುಮಾರು 985ರಿಂದ 15ನೇ ಶತಮಾನ, ಪಶ್ಚಿಮಕ್ಕೆ 14ನೇ ಶತಮಾನದ ನಡುವಿನವರೆಗೆ.